ನಾಲ್ಕನೆಯ ಸಾಲು

“ಏರೋಪ್ಲೇನಿಗೆ ಮೂಟೆ ತುಂಬೋ ಬಡ್ಡಿಮಕ್ಳಿಗೆ ನನ್ನ ಬೂಸಾ ಮೂಟೆ ಭಾರ ಆಯ್ತೇನ್ರೋ? ಬಿರ್ರನೆ ಎತ್ರೋ.”

ಹೀಗೆಂದವನು ಅರುಣ್‌ಕುಮಾರ್, ತಿಮ್ಮಪ್ಪಗೌಡರ ಎರಡನೆಯ ಮಗ. ಕಟ್ಟಾಯದ ಸುತ್ತ ಅವರ ಜಮೀನು ಎಲ್ಲಿ ಮುಗಿಯುತ್ತದೆ ಎಂಬುದು ನಮ್ಮ ಕೇರಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೌಡರು ನಮ್ಮ ಅಪ್ಪಂದಿರನ್ನು ಗದ್ದೆಗೆ ಕರೆಯುತ್ತಿದ್ದರು. ಮಗ ನಮ್ಮನ್ನು ಬೆಂಗಳೂರಿನ ಏರ್‌ಪೋರ್ಟಿಗೆ ಕಳಿಸಿದ. ಅಲ್ಲಿ ವಿಮಾನಗಳಿಗೆ ಪೆಟ್ಟಿಗೆ ಹತ್ತಿಸಿ ಇಳಿಸುವ ಒಂದು ಕಂಪನಿಗೆ ಆಳು ಒದಗಿಸುವ ಕಂಟ್ರಾಕ್ಟು ಅವನದು.

ಅವತ್ತು ಅವನ ಕಣದಲ್ಲಿ ಎಂಟು ಜನ ಇದ್ದೆವು. ಕೊರೋನಾ ಬಂದು ಎರಡೂವರೆ ತಿಂಗಳಿಂದ ಊರಲ್ಲೇ ಬಿದ್ದಿದ್ದೆವು. ಕೆಲಸದ ವಿಷಯ ಮಾತಾಡಬೇಕು ಬನ್ನಿ ಎಂದು ಕರೆಸಿದ್ದ. ಮಾತು ಶುರುವಾಗುವ ಮೊದಲೇ ಬೂಸಾ ತುಂಬಿದ ಟ್ರ್ಯಾಕ್ಟರು ಬಂದು ನಿಂತಿತು. ಇಳಿಸಿದರೆ ಕೂಲಿ ಎಷ್ಟು ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೆಲಸ ಕೊಡಿಸಿದವನ ಮನೆಯಲ್ಲಿ ಅದನ್ನೆಲ್ಲ ಕೇಳುವ ರೂಢಿಯಿಲ್ಲ.

ಮೂಟೆ ಇಳಿಸಿ ಮುಗಿದ ಮೇಲೆ ಅವನು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡ. ನಾವು ಕಣದಲ್ಲೇ ನಿಂತೆವು.

“ದೂರ ದೂರ ನಿಂತ್ಕಳ್ರಪ್ಪಾ, ಕೊರೋನಾ,” ಎಂದ.

ಊರಿನವರೆಲ್ಲ ಆ ವರ್ಷ ಹೊಸದಾಗಿ ಕಲಿತ ದೂರವನ್ನು ನಾವು ಆ ಜಗಲಿಯ ಮುಂದೆ ಹುಟ್ಟಿದಾಗಿನಿಂದ ಕಲಿತಿದ್ದೆವು. ಯಾರೂ ಅಳತೆ ಹಿಡಿಯುವ ಅಗತ್ಯ ಬೀಳಲಿಲ್ಲ.

“ನೋಡಿ, ಪ್ಲೇನ್ ಹತ್ತೋ ಜನಾನೇ ಇಲ್ಲ. ಕಂಪ್ನಿಯೋರು ಎರಡು ದಾರಿ ಕೊಟ್ಟವ್ರೆ. ಒಂದು, ಎಂಟೂ ಜನ ಬನ್ನಿ, ಅರ್ಧ ಸಂಬ್ಳ. ಇನ್ನೊಂದು, ನಾಕು ಜನ ಬನ್ನಿ, ಪೂರ್ತಿ ಸಂಬ್ಳ. ಮಿಕ್ಕಿದ ನಾಕು ಜನ ಮನೇಲಿರಿ. ಕೆಲಸ ತೆಗೀತಿಲ್ಲ, ರಜಾ ಅಷ್ಟೇ. ಸಂಬ್ಳ ಇಲ್ದಿರೋ ರಜಾ. ಯಾವ್ದು ಬೇಕು ನೀವೇ ಕುಂತು ಮಾತಾಡ್ಕಳಿ. ನಾನೇನು ಬಲವಂತ ಮಾಡಲ್ಲ. ನಾಳೆ ಬೂವನಹಳ್ಳೀಲಿ ನಮ್ದೇ ಏರ್‌ಪೋರ್ಟ್ ಆಯ್ತದೆ, ಆವಾಗ ಮೊದ್ಲು ಸೇರ್ಸೋದು ನಿಮ್ಮನ್ನೇ.”

ಹಾಸನದ ಪಕ್ಕದ ಬೂವನಹಳ್ಳಿಯ ಏರ್‌ಪೋರ್ಟು ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗಿನಿಂದಲೂ ನಾಳೆಯೇ ಆಗುತ್ತಿತ್ತು. ಆದರೂ ನಾವೆಲ್ಲ ತಲೆಯಾಡಿಸಿದೆವು.

ಎಲ್ಲರೂ ಹೊರಟಾಗ ನನ್ನೊಬ್ಬನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದ. ನಾನು ಶಾಂತರಾಜು, ಎಂಟು ಜನರಲ್ಲಿ ಪಿಯುಸಿ ಮುಗಿಸಿದವನು ನಾನೊಬ್ಬನೇ. ಅದಕ್ಕೇ ನನ್ನನ್ನು ಲೀಡು ಮಾಡಿದ್ದರು. ವಿಮಾನದ ಪಕ್ಕ ವಾಕಿಟಾಕಿ ಹಿಡಿದು ನಿಂತು, ಎಷ್ಟು ಪೆಟ್ಟಿಗೆ ಹತ್ತಿತು, ಎಷ್ಟು ಉಳಿಯಿತು ಎಂದು ಹೇಳುವ ಕೆಲಸ.

“ಶಾಂತ, ನೀನು ಓದ್ದೋನು. ತಲೆ ಓಡ್ಸು. ಎಂಟೂ ಜನ ಅರ್ಧಕ್ಕೆ ಬಂದ್ರೆ ಲೀಡೂ ಇಲ್ಲ ಗೀಡೂ ಇಲ್ಲ, ಎಲ್ಲಾ ಲೋಡರುಗಳೇ. ನೀನೂ ಹೊಟ್ಟೆ ಒಳಕ್ಕೆ ತೂರ್ಬೇಕು. ನಾಕು ಜನ ಅಂತ ಆದ್ರೆ ನೀನೇ ಲೀಡು. ನಿನ್ ಸೀಟು ಭದ್ರ.”

“ಅವ್ರು ಎಂಗಂತಾರೋ ಸಾ.”

“ಅವ್ರು ಎಂಗಂತಾರೆ? ನೀನ್ ಅಂದಂಗಂತಾರೆ. ಇಂಗ್ಲೀಷ್ ಓದಕ್ಕೆ ಬರೋನು ನೀನೊಬ್ನೇ ಅಲ್ವೇನೋ?”

ಹೊಟ್ಟೆ ಎಂದರೆ ವಿಮಾನದ ಹೊಟ್ಟೆ. ಮೇಲೆ ಜನ ಕೂರುವ ಜಾಗ, ಕೆಳಗೆ ಅವರ ಪೆಟ್ಟಿಗೆ ತುಂಬುವ ಜಾಗ. ಅದರೊಳಗೆ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಮಂಡಿಯೂರಿಕೊಂಡೇ ಒಳಗೆ ಹೋಗಬೇಕು, ಮಂಡಿಯ ಮೇಲೇ ಪೆಟ್ಟಿಗೆ ಹಿಡಿದು ಒಟ್ಟಬೇಕು. ಬೇಸಿಗೆಯಲ್ಲಿ ಒಳಗಿನ ತಗಡು ಕಾದು ಉಸಿರು ಕಟ್ಟುತ್ತದೆ. ಮೂರು ವರ್ಷ ನಾನೂ ಒಳಗಿದ್ದೆ. ಮಂಡಿಗೆ ಹಳೆಯ ಸೈಕಲ್ ಟ್ಯೂಬು ಕಟ್ಟಿಕೊಳ್ಳುತ್ತಿದ್ದೆವು. ಒಂದು ಏಪ್ರಿಲಿನಲ್ಲಿ ನಾನು ಒಳಗೇ ಎಚ್ಚರ ತಪ್ಪಿದೆ. ಆಗ ನನ್ನ ಕಾಲು ಹಿಡಿದು ಹೊರಗೆಳೆದು, ಮುಖಕ್ಕೆ ನೀರು ಹಾಕಿ, ಯಾರಿಗೂ ತಿಳಿಯದ ಹಾಗೆ ನನ್ನ ಪಾಲಿನ ಪೆಟ್ಟಿಗೆಗಳನ್ನೂ ಒಟ್ಟಿದವನು ಮಂಚಯ್ಯ ಮಾವ. ಕಂಪನಿಯ ಸಾಹೇಬರಿಗೆ ಗೊತ್ತಾಗಿದ್ದರೆ ಅನ್‌ಫಿಟ್ ಎಂದು ಅವತ್ತೇ ಮನೆಗೆ ಕಳಿಸುತ್ತಿದ್ದರು.

ಮಂಚಯ್ಯ ನಮ್ಮವ್ವನ ತಮ್ಮ. ಗಿಡ್ಡ ಆಳು, ಆ ಹೊಟ್ಟೆಗೆ ಅಳತೆ ತೆಗೆದು ಮಾಡಿದ ಹಾಗಿದ್ದ. ನಲವತ್ತಾರು ದಾಟಿತ್ತು. ಹುಲ್ಲಿನ ಬಣವೆ ಒಟ್ಟುವವರಂತೆ ಪೆಟ್ಟಿಗೆ ಒಟ್ಟುತ್ತಿದ್ದ, ಒಂದೂ ಜಾರುತ್ತಿರಲಿಲ್ಲ. ಗಲ್ಫಿನಿಂದ ಹೆಣದ ಪೆಟ್ಟಿಗೆ ಬಂದಾಗಲೆಲ್ಲ ಸೂಪರ್‌ವೈಸರು ಬೇರೆ ಗ್ಯಾಂಗಿನವರನ್ನು ಬಿಟ್ಟು, “ಹಾಸನದ ಗ್ಯಾಂಗ್ ಕರೀರಿ” ಎನ್ನುತ್ತಿದ್ದ. ನಾವು ಯಾವ ಕೇರಿಯವರೆಂದು ಅರುಣ್‌ಕುಮಾರನೇ ಹೇಳಿಕೊಟ್ಟಿದ್ದ. ಮಾವ ಆ ಪೆಟ್ಟಿಗೆಯನ್ನು ಮಾತ್ರ ಎಳೆಯುತ್ತಿರಲಿಲ್ಲ, ಎತ್ತಿಯೇ ಇಡುತ್ತಿದ್ದ. ಮನೆ ಸೇರಬೇಕಾದ ಜೀವ ಎನ್ನುತ್ತಿದ್ದ.

ಆ ಹೊಟ್ಟೆಯೊಳಕ್ಕೆ ಮತ್ತೆ ಹೋಗಬಾರದು. ಕೊಟ್ಟಿಗೆಯ ಹಿಂದಿನಿಂದ ಈಚೆ ಬರುವಾಗ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಸಂಬಳದ ಆಸೆ ಎಂದಾದರೂ ಹೇಳಿಕೊಳ್ಳಬಹುದಿತ್ತು, ಅದೂ ಅಲ್ಲ. ಮಂಡಿಯೂರಲು ನನಗೆ ಇಷ್ಟವಿರಲಿಲ್ಲ.

*

ಮಾರನೆಯ ದಿನ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಕುಳಿತೆವು. ಭವನ ಎಂದರೆ ನಾಲ್ಕು ಗೋಡೆ, ಮೇಲೆ ತಾರಸಿಯಿಲ್ಲ. ಕಟ್ಟಡದ ಕಂಟ್ರಾಕ್ಟರು ಅಷ್ಟಕ್ಕೇ ಬಿಲ್ಲು ಮಾಡಿಕೊಂಡು ಹೋಗಿದ್ದ.

ಶಿವಯ್ಯ ಬೀಡಿ ಹಚ್ಚಿ ಮೊದಲು ಬೈದ.

“ಅರ್ಧ ಸಂಬ್ಳಕ್ಕೆ ಅವ್ನಯ್ಯ ಬರ್ಲಿ ಕೆಲ್ಸುಕ್ಕೆ. ಒಂದ್ಸಲ ತಗ್ಗಿದ್ ಸಂಬ್ಳ ತಿರ್ಗಾ ಏರಿದ್ದ ಯಾವನಾರ ನೋಡಿದ್ದೀರೇನ್ರಲಾ? ಕೊರೋನಾ ಓಯ್ತದೆ, ಅರ್ಧ ಸಂಬ್ಳ ಅಂಗೇ ಕುಂತ್ಕತದೆ.”

ಕೀರ್ತಿರಾಜ್ ಒಪ್ಪಲಿಲ್ಲ. ಅವನಿಗೆ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. “ಅರ್ಧ ಆದ್ರೂ ಪಾಸು ಕೊರಳಲ್ಲಿ ಇರ್ತದೆ ಕಣಣ್ಣ. ರಜಾ ಅಂತ ಮನೇಲಿ ಕುಂತೋನ್ನ ಯಾವನು ಕರೀತಾನೆ? ಎಂಟೂ ಜನ ಗಂಜಿ ಕುಡ್ದ್ರೂ ಒಟ್ಗೇ ಕುಡಿಯಾನ.”

“ನಿಂಗೇನ್ಲಾ, ಈಗ್ತಾನೆ ಮದ್ವೆ ಆದೋನು. ನಂಗೆ ಮೂರು ಮಕ್ಳು. ಅರ್ಧದಲ್ಲಿ ಯಾವ್ ಮಗೀಗೆ ಇಕ್ಲಿ, ಯಾವ್ ಮಗೀಗೆ ಬುಡ್ಲಿ?”

“ಇಲ್ದಿರೋ ಸಂಬ್ಳದಲ್ಲಿ ಯಾರ್ಗೆ ಇಕ್ಕೀಯ ಮತ್ತೆ?”

ಶಿವಯ್ಯನ ಬೀಡಿ ಆರಿಹೋಯಿತು. ಕೀರ್ತಿರಾಜ್ ಹೇಳುತ್ತಿದ್ದುದೇ ಸರಿ. ಪಾಸು ಎಂದರೆ ಏರ್‌ಪೋರ್ಟಿನ ಒಳಗೆ ಬಿಡುವ ಗುರುತಿನ ಚೀಟಿ. ಅದು ಕೈಬಿಟ್ಟರೆ ಪೊಲೀಸ್ ವಿಚಾರಣೆಯಿಂದ ಮತ್ತೆ ಎಲ್ಲ ಶುರುವಾಗಬೇಕು, ಕಂಪನಿ ಬರೆದುಕೊಟ್ಟರೆ ಮಾತ್ರ. ಇದು ಲೀಡಾಗಿದ್ದ ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಆಗ ಮಾವ ಹೇಳಿದ. “ಯಾಕ್ರಪ್ಪಾ ಕಿತ್ತಾಡೀರಿ? ಮುಯ್ಯಿ ಮಾಡ್ಕಳಾನ.”

ಮುಯ್ಯಾಳು ನಮ್ಮ ಕೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ದುಡ್ಡಿನ ಮಾತಿಲ್ಲ, ಕಾಗದವಿಲ್ಲ. ಸರದಿ ಬಂದವನು ಹಿಂದಿನ ಸಂಜೆ ಮನೆಮನೆಯ ಬಾಗಿಲಿಗೆ ಹೋಗಿ, ನಾಳೆ ನಮ್ಮದು ಬನ್ನಿ ಎಂದು ಕರೆಯುತ್ತಾನೆ. ಕರೆದರೆ ಜ್ವರವಿದ್ದರೂ ಹೋಗುತ್ತಾರೆ. ಮುಯ್ಯಿ ತಪ್ಪಿಸಿದವನ ಬಾಗಿಲಿಗೆ ಮತ್ತೆ ಯಾರೂ ಹೋಗುವುದಿಲ್ಲ.

“ನಾಕು ಜನ ಎರಡು ತಿಂಗ್ಳು ಓಗ್ಲಿ, ಪೂರ್ತಿ ಸಂಬ್ಳ ತರ್ಲಿ. ಅದ್ರಲ್ಲಿ ಅರ್ಧ ಮನೇಲಿರೋರ್ಗೆ ಕೊಡ್ಲಿ. ಎರಡು ತಿಂಗ್ಳಾದ್ಮೇಲೆ ಅವ್ರು ಬರ್ಲಿ, ಇವ್ರು ಓಗ್ಲಿ. ಸಂಬ್ಳಾನೂ ತಗ್ಗಕಿಲ್ಲ, ಯಾರ್ ಕೆಲ್ಸಾನೂ ಓಗಕಿಲ್ಲ. ಮೊದ್ಲು ಮನೇಲಿರೋನು ನಾನೇ, ದೊಡ್ಡೋನಲ್ವಾ.”

ಎಷ್ಟು ಚೆನ್ನಾಗಿ ಹೊಂದಿಕೆಯಾಗುತ್ತಿತ್ತು. ಶಿವಯ್ಯನ ಮುಖ ಅರಳಿತು, ಕೀರ್ತಿರಾಜನೂ ತಲೆದೂಗಿದ. ಕಂಪನಿಯವರು ಮುಯ್ಯಾಳುಗಳಲ್ಲ ಎಂಬುದು ಆ ಏಳು ಜನರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಹೊಳೆದಿದ್ದವನು ವಿಮಾನದ ಪಕ್ಕದಲ್ಲಿ ನಿಲ್ಲುವ ಕೆಲಸವನ್ನು ನೆನೆಯುತ್ತ ಕೂತಿದ್ದ.

“ಕಾಗ್ದ ಓದು ಶಾಂತ,” ಎಂದ ಮಾವ.

ಅರುಣ್‌ಕುಮಾರ್ ಕಳಿಸಿದ್ದ ಕಾಗದ ಇಂಗ್ಲಿಷಿನಲ್ಲಿತ್ತು. ಐದು ಸಾಲು. ಮೊದಲನೆಯದು, ನಾನು ಸ್ವಂತ ಇಚ್ಛೆಯಿಂದ ಸಂಬಳರಹಿತ ರಜೆಗೆ ಒಪ್ಪಿದ್ದೇನೆ. ಎರಡನೆಯದು, ರಜೆಯಲ್ಲಿ ಯಾವ ಭತ್ಯೆಯೂ ಇಲ್ಲ. ಮೂರನೆಯದು, ಪಾಸನ್ನು ಕಂಪನಿಗೆ ಒಪ್ಪಿಸುತ್ತೇನೆ. ಇಷ್ಟನ್ನೂ ಕನ್ನಡ ಮಾಡಿ ಹೇಳಿದೆ. ನಾಲ್ಕನೆಯ ಸಾಲಿನಲ್ಲಿ, ರಜೆ ಎಂದು ಮುಗಿಯುತ್ತದೆ ಎಂಬುದು ಕಂಪನಿಗೆ ಬಿಟ್ಟಿದ್ದು, ಮತ್ತೆ ಕೆಲಸಕ್ಕೆ ಕರೆಯುವ ಹೊಣೆ ಕಂಪನಿಗಿಲ್ಲ ಎಂದಿತ್ತು. ಐದನೆಯದು ಸಹಿ, ತಾರೀಕು.

ಮೂರರಿಂದ ನಾನು ಐದಕ್ಕೆ ಹೋದೆ.

“ವಾಪಸ್ ಕರ್ಕಳದು ಬರ್ದವ್ರಾ?” ಮಾವ ಕೇಳಿದ.

“ಊಂ ಮಾವ. ಬರ್ದವ್ರೆ.”

ಅಷ್ಟು ಸಲೀಸಾಗಿ ಬಂತು ಆ ಮಾತು. ನಾಲಿಗೆ ತಡವರಿಸಲಿಲ್ಲ, ಬೆವರೂ ಬರಲಿಲ್ಲ. ಮಾವ ಪೆನ್ನು ತೆಗೆದುಕೊಂಡು, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಮಂಚಯ್ಯ ಎಂದು ನಿಧಾನವಾಗಿ ಬರೆದ. ಅವನ ಹಿಂದೆ ವಯಸ್ಸಿನ ಲೆಕ್ಕದಲ್ಲಿ ಶಿವಯ್ಯ, ಇನ್ನಿಬ್ಬರು. ಒಬ್ಬೊಬ್ಬರಿಗೂ ಕಾಗದದ ಒಂದೊಂದು ಪ್ರತಿ ಕೊಟ್ಟೆ.

*

ಪಾಸು ಒಪ್ಪಿಸಲು ನಾಲ್ವರೂ ಅರುಣ್‌ಕುಮಾರನ ಕಣಕ್ಕೆ ಹೋದಾಗ ನಾನೂ ಇದ್ದೆ. ಮಾವನ ಪಾಸು ಆರು ವರ್ಷ ಅವನ ಎದೆಯ ಮೇಲಿತ್ತು. ನೆಂಟರ ಮದುವೆಗೂ ಅದನ್ನು ಅಂಗಿಯ ಮೇಲೆ ನೇತುಹಾಕಿಕೊಂಡೇ ಬರುತ್ತಿದ್ದ. ನಾವು ನಗುತ್ತಿದ್ದೆವು. ಅವನ ಮಗಳು ಅನುಶ್ರೀ ಮಾತ್ರ, ನಮ್ಮಪ್ಪನ ಪಾಸು ಎಂದು ಅದನ್ನು ಒರೆಸಿ ಗೂಟಕ್ಕೆ ಹಾಕುತ್ತಿದ್ದಳು. ಅವಳು ಹೊಳೆನರಸೀಪುರದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಓದಿಸುತ್ತಿದ್ದುದೂ ಅದೇ ಪಾಸು.

ಅರುಣ್‌ಕುಮಾರ್ ಪ್ಲಾಸ್ಟಿಕ್ ಕವರು ಚಾಚಿ, “ಇದ್ರಲ್ಲಿ ಹಾಕು, ಮುಟ್ಬೇಡ,” ಎಂದ. ಪಾಸು ಬಿದ್ದ ಮೇಲೆ ಕವರಿನೊಳಕ್ಕೆ ಸ್ಯಾನಿಟೈಸರ್ ಹೊಡೆದ. ಪಾಸಿನ ಮೇಲಿದ್ದ ಮಾವನ ಮುಖ ಒದ್ದೆಯಾಯಿತು.

“ಎರಡೇ ತಿಂಗ್ಳಲ್ವ ಬುದ್ದಿ?” ಎಂದ ಮಾವ.

“ಹೂಂ, ಹೂಂ. ನೋಡಾನ.”

ಕಣದಿಂದ ಹೊರಬರುವಾಗ ಮಾವ ಬರಿಯ ಕುತ್ತಿಗೆಯನ್ನು ಎರಡು ಸಲ ಮುಟ್ಟಿಕೊಂಡ. ನಾನು ಅವನಿಗಿಂತ ಮುಂದೆ ನಡೆದೆ.

*

ನಾವು ನಾಲ್ವರು ಬೆಂಗಳೂರಿಗೆ ಹೋದೆವು. ಮೊದಲೆರಡು ತಿಂಗಳು ಪೂರ್ತಿ ಸಂಬಳ ಬಂತು, ಮಾತಿನಂತೆ ಅರ್ಧ ಊರಿಗೆ ಕಳಿಸಿದೆವು. ಸರದಿ ಬದಲಾಗುವ ದಿನ ಅರುಣ್‌ಕುಮಾರನಿಗೆ ಫೋನು ಮಾಡಿದೆ.

“ಸಾ, ಎರಡು ತಿಂಗ್ಳಾಯ್ತು. ಈಗ ಅವ್ರು ನಾಕು ಜನ ಬತ್ತಾರೆ, ನಾವು ಬುಡ್ತೀವಿ. ಮುಯ್ಯಾಳು ಥರ ಮಾತಾಡ್ಕಂಡಿದ್ದೋ.”

ಅವನು ನಕ್ಕ ನಗೆ ಫೋನಿನ ಹೊರಗೂ ಕೇಳಿ, ಪಕ್ಕದಲ್ಲಿದ್ದ ಕೀರ್ತಿರಾಜ್ ತಿರುಗಿ ನೋಡಿದ.

“ಮುಯ್ಯಾಳಾ? ಲೇ ಮುಂಡೇದೆ, ಅದೇನು ನಿಮ್ ರಾಗಿ ಹೊಲಾನಾ? ಅವ್ರ ಪಾಸು ಕ್ಯಾನ್ಸಲ್ ಆಗಿ ತಿಂಗ್ಳಾಯ್ತು. ಸೈನ್ ಹಾಕಿಲ್ವ? ಓದಿ ಹೇಳ್ದೋನು ನೀನೇ ಅಲ್ವೇನೋ?”

ಸರದಿ ಇನ್ನೊಂದು ತಿಂಗಳು ತಡವಂತೆ ಎಂದು ಕೀರ್ತಿರಾಜನಿಗೆ ಹೇಳಿದೆ. ಮುಂದಿನ ವಾರ ಹೊಸ ಹುಡುಗರು ಬಂದರು, ಅರ್ಧ ಸಂಬಳಕ್ಕೆ. ಅವರು ಬಂದ ಮೇಲೆ ನಮ್ಮ ಸಂಬಳವನ್ನೂ ಅರ್ಧ ಮಾಡಿದರು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದಿದ್ದವರು ಎರಡನ್ನೂ ತಾವೇ ತೆಗೆದುಕೊಂಡರು. ದಸರಾ ಕಳೆಯುವಷ್ಟರಲ್ಲಿ ಕೀರ್ತಿರಾಜನಿಗೂ ಇನ್ನಿಬ್ಬರಿಗೂ ಅದೇ ಐದು ಸಾಲಿನ ಕಾಗದ ಬಂತು. ಸಹಿ ಹಾಕದಿದ್ದರೆ ಬಾಕಿ ಸಂಬಳವನ್ನೂ ಕೊಡುವುದಿಲ್ಲವೆಂದರು. ಹಾಕಿದರು. ಎಂಟು ಜನರಲ್ಲಿ ನಾನೊಬ್ಬನೇ ಉಳಿದೆ, ವಾಕಿಟಾಕಿ ಹಿಡಿದು, ಹೊಸ ಹುಡುಗರು ಮಂಡಿಯೂರಿ ಒಳಗೆ ಹೋಗುವುದನ್ನು ನೋಡುತ್ತ.

ಮಾವ ಆಗಾಗ ಫೋನು ಮಾಡುತ್ತಿದ್ದ. “ನಮ್ ಸರ್ದಿ ಏನಾಯ್ತಪ್ಪಾ? ಏನಾರ ಯೋಳೋದೈತಾ?” ಎನ್ನುತ್ತಿದ್ದ.

“ಇನ್ನೊಂದು ತಿಂಗ್ಳಂತೆ ಮಾವ.”

“ಅಂಗಾ? ಆಗ್ಲಿ ಬುಡು.” ಅಷ್ಟು ಹೇಳಿ ತುಸು ಹೊತ್ತು ಸುಮ್ಮನಿದ್ದು ಫೋನು ಇಡುತ್ತಿದ್ದ. ಆ ತುಸು ಹೊತ್ತು ಯಾಕೆಂದು ನಾನು ಯೋಚಿಸಲಿಲ್ಲ.

*

ದೀಪಾವಳಿಗೆ ಎಂಟು ದಿನ ರಜೆ ಹಾಕಿ ಊರಿಗೆ ಬಂದೆ. ನಮ್ಮ ಮನೆಯ ಹಿಂದಿನ ಗೋಡೆ ಮಳೆಗಾಲದಲ್ಲಿ ಕುಸಿದಿತ್ತು, ಕಟ್ಟಿಸಬೇಕಿತ್ತು. ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮಾವ ಕರಣೆ ಹಿಡಿದು ನಿಂತಿದ್ದ.

“ಯಾಕೆ ಮಾವ, ನಾನು ಗಾರೆಯೋರಿಗೆ ಯೋಳಿದ್ನಲ್ಲ.”

“ಎರಡು ತಿಂಗ್ಳು ನಿನ್ ದುಡ್ಡು ಉಂಡಿವ್ನಿ. ಸುಮ್ಕೆ ಉಣ್ಣಕಾಯ್ತದಾ? ಮುಯ್ಯಿ ಅಂದ್ಮೇಲೆ ತೀರಿಸ್ಬೇಕು.”

ನಾಲ್ಕು ದಿನ ಬಂದ. ಮರಳು ಜರಡಿ ಹಿಡಿದ, ಕಲಸಿದ, ಇಟ್ಟಿಗೆ ಇಟ್ಟ. ಇಟ್ಟಿಗೆ ಇಡುವಾಗಲೂ ಅಭ್ಯಾಸಬಲದಿಂದ ಮಂಡಿಯೂರುತ್ತಿದ್ದ. ನಮ್ಮವ್ವ ಮುದ್ದೆ ಹಾಕಿದರೆ, “ಒಂದೇ ಸಾಕಕ್ಕ” ಎನ್ನುತ್ತಿದ್ದ. ಮೊದಲು ಎರಡು ಉಣ್ಣುತ್ತಿದ್ದವನು. ಅನುಶ್ರೀ ಕಾಲೇಜು ಬಿಟ್ಟು ಚನ್ನರಾಯಪಟ್ಟಣದ ಬಟ್ಟೆ ಅಂಗಡಿಯೊಂದಕ್ಕೆ ಸೇರಿದ್ದಾಳೆ ಎಂದು ಅವ್ವ ಹೇಳಿದಳು.

ಹೇಳಿಬಿಡಬೇಕು ಎಂದು ದಿನಕ್ಕೆ ಹತ್ತು ಸಲ ಅಂದುಕೊಂಡೆ. ಇಟ್ಟಿಗೆ ಎತ್ತಿಕೊಡುವಾಗ ಅಂದುಕೊಂಡೆ, ನೀರು ಕೊಡುವಾಗ ಅಂದುಕೊಂಡೆ. ಮಾವ ಆಗಾಗ ಕೆಲಸ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. ನಾನು ಸಿಮೆಂಟಿನ ಮಾತು ತೆಗೆಯುತ್ತಿದ್ದೆ. ನನ್ನಂಥ ಹೇಡಿ ನಮ್ಮ ಕೇರಿಯಲ್ಲಿ ಇನ್ನೊಬ್ಬನಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಗೌಡರ ಮನೆಯ ಆಳು ಬಂದು, ಬೂಸಾ ಬಂದದೆ, ಮಳೆ ಮೋಡ ಆಗದೆ, ಎಲ್ಲರೂ ಬರಬೇಕಂತೆ ಎಂದ. ಕರಣೆಯನ್ನು ಅಲ್ಲೇ ಮರಳಿನಲ್ಲಿ ಸಿಕ್ಕಿಸಿ ಮಾವ ಎದ್ದ. ಕೇರಿಯಲ್ಲಿದ್ದ ಏಳೂ ಜನ ಹೊರಟರು. ನಾನೂ ಹೋದೆ.

*

ಕಣದಲ್ಲಿ ಟ್ರ್ಯಾಕ್ಟರು ನಿಂತಿತ್ತು. ಮೂಟೆಗಳ ಮೇಲೆ ಹೊದಿಕೆಯಿರಲಿಲ್ಲ. ಮೂಡಲ ಕಡೆ ಕಪ್ಪಾಗಿತ್ತು.

“ಏನ್ರೋ ನಿಂತ್ಕಂಡು ನೋಡ್ತೀರಿ? ನೆನೆದೋದ್ರೆ ನಿಮ್ಮಪ್ಪ ಕೊಡ್ತಾನಾ? ಇಳ್ಸ್ರೋ,” ಎಂದ ಅರುಣ್‌ಕುಮಾರ್ ಜಗಲಿಯಿಂದ.

ಶಿವಯ್ಯ ಅಭ್ಯಾಸದಂತೆ ಟವಲನ್ನು ತಲೆಗೆ ಸುತ್ತಿಕೊಂಡು ಮುಂದೆ ಹೋದ. ಮಾವ ಅವನ ತೋಳು ಹಿಡಿದ.

“ನಿಂತ್ಕ ಶಿವಯ್ಯ. ಮೊದ್ಲು ಒಂದು ಕಾಗ್ದ ಓದೋದೈತೆ.”

ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ಕೈಗೆ ಕೊಟ್ಟ. ಐದು ಸಾಲು. ಕೆಳಗೆ ಅವನ ಸಹಿ.

“ನಾಕ್ನೇ ಸಾಲು ಓದು ಶಾಂತ.”

“ಮಾವ,” ಎಂದೆ.

“ಓದು.”

“ನಿಂಗೆ ಯಾವಾಗಿಂದ ಗೊತ್ತು?”

“ಪಾಸು ಕೊಟ್ಟೆನಲ್ಲ, ಅದ್ರ ಮಾರ್ನೇ ದಿನ ಅನು ಓದಿದ್ಲು. ಅಕ್ಕನ್ ಮಗ, ಏನೋ ಎದ್ರಿಕಂಡವ್ನೆ, ಇವತ್ತಲ್ಲ ನಾಳೆ ಅವ್ನೇ ಯೋಳ್ತಾನೆ ಅಂದ್ಕಂಡೆ. ಪೋನ್ ಮಾಡ್ದೆ. ಯೋಳ್ಲಿಲ್ಲ. ನಾಕು ದಿನ ನಿನ್ ಮನೆ ಬಾಗ್ಲಿಗೆ ಬಂದೆ. ಗೋಡೆ ಕಟ್ಟಕ್ಕೆ ಬಂದೆ ಅಂದ್ಕಂಡಾ? ನೀನ್ ಯೋಳ್ಲಿ ಅಂತ ಬಂದೆ ಕಣ್ಲಾ.” ಅವನ ದನಿ ಏರಲಿಲ್ಲ. ಉಳಿದವರ ಕಡೆ ತಿರುಗಿದ. “ತಪ್ಪು ನಂದೂ ಐತೆ ಕಣ್ರಪ್ಪಾ. ಗೊತ್ತಿದ್ದೂ ನಿಮ್ಗೆ ಯೋಳ್ಲಿಲ್ಲ. ಇವ್ನ ಮಾನ ಉಳೀಲಿ ಅಂತ ನಿಮ್ ಒಟ್ಟೆ ಮೇಲೆ ಒಡ್ದೆ.”

ಅರುಣ್‌ಕುಮಾರ್ ಕುರ್ಚಿಯಿಂದ ಎದ್ದ. “ಏನ್ಲೇ ಅದು ನಾಟ್ಕ? ಶಾಂತ, ಮಡಗು ಕಾಗ್ದನ. ಓದುದ್ರೆ ನಾಳೆ ನಿನ್ ಪಾಸೂ ಅದೇ ಕವರ್ಗೆ ಬೀಳ್ತದೆ, ನೋಡ್ಕ.”

ಪಾಸು ನನ್ನ ಕೊರಳಲ್ಲಿತ್ತು. ಊರಿಗೆ ಬಂದರೂ ತೆಗೆದಿರಲಿಲ್ಲ. ಮಾವನಿಂದ ಕಲಿತದ್ದು. ಅದನ್ನು ತೆಗೆದು ಟ್ರ್ಯಾಕ್ಟರಿನ ಮೂಟೆಯೊಂದರ ಮೇಲಿಟ್ಟೆ. ಇದನ್ನು ಧೈರ್ಯ ಎಂದು ಯಾರೂ ತಿಳಿಯಬೇಡಿ. ಜೂನಿನಲ್ಲಿ, ತಾರಸಿಯಿಲ್ಲದ ಭವನದಲ್ಲಿ ಮಾಡಬೇಕಾಗಿದ್ದದ್ದನ್ನು ಐದು ತಿಂಗಳು ತಡವಾಗಿ, ಅದೂ ಸಿಕ್ಕಿಬಿದ್ದ ಮೇಲೆ ಮಾಡಿದೆ.

ಓದಿದೆ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಮತ್ತೆ ಕೆಲಸಕ್ಕೆ ಕರೆಯುವ ಹೊಣೆ ಕಂಪನಿಗಿಲ್ಲ.

“ಅವತ್ತು ಯಾಕೆ ಓದ್ಲಿಲ್ಲ, ಅದ್ನೂ ಯೋಳು,” ಎಂದ ಮಾವ.

“ಎಂಟೂ ಜನ ಅರ್ಧಕ್ಕೆ ಬಂದ್ರೆ ನನ್ ಲೀಡ್ ಕೆಲ್ಸ ಓಯ್ತದೆ ಅಂತ ಇವ್ರು ಕೊಟ್ಟಿಗೆ ಹಿಂದೆ ಕರ್ದು ಯೋಳಿದ್ರು. ತಿರ್ಗಾ ಮಂಡಿ ಊರಕ್ಕೆ ನಂಗೆ ಇಷ್ಟ ಇರ್ಲಿಲ್ಲ. ಅದ್ಕೆ ಬುಟ್ಟೆ.”

ಕೀರ್ತಿರಾಜ್ ನನ್ನ ಎದುರಿಗೆ ಬಂದು ಕಾಲ ಬಳಿ ಉಗುಳಿದ. “ನಮ್ಮೋನು ಅಂದ್ಕಂಡಿದ್ನಲ್ಲೋ, ಸೂಳೆಮಗನೆ.”

ಮೊದಲ ಹನಿ ಮೂಟೆಗಳ ಮೇಲೆ ಬಿತ್ತು.

“ಆಯ್ತಲ್ಲ ನಿಮ್ ಪಂಚಾಯ್ತಿ, ಮೂಟೆ ಇಳ್ಸ್ರೋ,” ಅರುಣ್‌ಕುಮಾರ್ ಕೂಗಿದ. “ಮಂಚಯ್ಯ, ನಿನ್ ಪಾಸು ನಾನು ಮತ್ತೆ ಮಾಡಿಸ್ಕೊಡ್ತೀನಿ. ಇಳ್ಸು ಮೊದ್ಲು.”

ಮಾವ ತಲೆಯ ಟವಲು ಬಿಚ್ಚಿ ಕೊಡವಿ ಹೆಗಲಿಗೆ ಹಾಕಿಕೊಂಡ. ಆ ಮನೆಯ ಮುಂದೆ ಅವನ ಹೆಗಲ ಮೇಲೆ ಟವಲು ಇದ್ದುದನ್ನು ನಾನು ನೋಡಿರಲಿಲ್ಲ.

“ಇಳ್ಸಕಿಲ್ಲ ಅರುಣ್‌ಕುಮಾರ. ಇಷ್ಟ್ ವರ್ಷ ಬಿಟ್ಟಿ ಇಳ್ಸಿದ್ದೋ. ನೀನ್ಯಾವತ್ತು ನಮ್ಗೆ ಮುಯ್ಯಿ ತೀರ್ಸಿದ್ದೆ?”

ಬುದ್ದಿ ಎನ್ನಲಿಲ್ಲ. ಹೆಸರು ಹಿಡಿದ. ಅರುಣ್‌ಕುಮಾರನ ಬಾಯಿಂದ ಸೂಳೆ, ಬೋಳಿ, ನಮ್ಮ ಕುಲ, ನಮ್ಮ ಹೆಂಗಸರು ಎಲ್ಲ ಹೊರಬಂದವು. ಏಳು ಜನ ಅದೆಲ್ಲವನ್ನೂ ಕೈಕಟ್ಟಿ ಕೇಳಿದರು. ಮಳೆ ಜೋರಾಯಿತು. ಬೂಸಾದ ವಾಸನೆ ಎದ್ದು ಕಣವೆಲ್ಲ ತುಂಬಿತು. ಮೂಟೆಯ ಮೇಲಿದ್ದ ನನ್ನ ಪಾಸು ನೀರಿಗೆ ಜಾರಿ ಗಾಲಿಯ ಪಕ್ಕದ ಕೆಸರಿಗೆ ಬಿತ್ತು. ಮೂಟೆಗಳು ಪೂರ್ತಿ ನೆನೆಯುವವರೆಗೆ ನಿಂತಿದ್ದು, ಆಮೇಲೆ ಹೊರಟರು. ನಾನು ಅವರ ಹಿಂದೆ ನಡೆದೆ. ಯಾರೂ ನಿಲ್ಲಲಿಲ್ಲ.

*

ಮಳೆ ನಿಂತ ಮೇಲೆ, ದೀಪ ಹಚ್ಚುವ ಹೊತ್ತಿಗೆ, ಮಾವ ಮನೆಮನೆಯ ಬಾಗಿಲಿಗೆ ಹೋದ. ಅವನ ದನಿ ಕೇರಿಯ ಆ ತುದಿಯಿಂದ ಕೇಳಿಸುತ್ತ ಬಂತು. “ನಾಳೆ ಆಸನಕ್ಕೆ ಓಗದು ಕಣ್ರಪ್ಪಾ, ಲೇಬರ್ ಆಪೀಸ್ಗೆ. ಮೊದ್ಲನೇ ಬಸ್ಸು. ಎಲ್ಲಾರೂ ಬನ್ನಿ.” ಮುಯ್ಯಾಳು ಕರೆಯುವಾಗಿನ ಅದೇ ರಾಗ.

ನಮ್ಮ ಬಾಗಿಲಿಗೂ ಬಂದ. ನಾನು ಎದ್ದು ನಿಂತೆ.

“ಕಾಗ್ದ ನಿನ್ ತಾವೇ ಉಳ್ಕಂಡದೆ, ಕೊಡು,” ಎಂದ.

ಒದ್ದೆಯಾದ ಕಾಗದವನ್ನು ಒಲೆಯ ಪಕ್ಕ ಒಣಗಿಸಿದ್ದೆ. ಕೊಟ್ಟೆ.

“ನಾನೂ ಬತ್ತೀನಿ ಮಾವ. ಆಪೀಸಲ್ಲಿ ಇಂಗ್ಲೀಷ್ ಓದಕ್ಕೆ ಬೇಕಾಯ್ತದೆ.”

“ಓದಕ್ಕೆ ಅನು ಬತ್ತಾಳೆ.”

ಹೊಸ ಗೋಡೆಯ ಕಡೆ ಒಮ್ಮೆ ನೋಡಿದ. ಅದು ಎದೆಯ ಮಟ್ಟಕ್ಕೆ ನಿಂತಿತ್ತು, ಕರಣೆ ಇನ್ನೂ ಮರಳಲ್ಲೇ ಇತ್ತು. ಅದನ್ನು ಎತ್ತಿ ಪಂಚೆಗೆ ಒರೆಸಿಕೊಂಡು ಪಕ್ಕದ ಶಿವಯ್ಯನ ಬಾಗಿಲಿಗೆ ಹೋಗಿ ಕರೆದ. ನನ್ನನ್ನು ಬಾ ಎನ್ನಲಿಲ್ಲ. ಅವ್ವ ಒಳಗೋಡೆಗೆ ಮುಖ ಮಾಡಿ ಮಲಗಿದಳು. ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ.

ಬೆಳಿಗ್ಗೆ ನಾನು ಹೋದೆ. ಕರೆಯದೆ ಹೋದೆ. ಮುಖಕ್ಕೆ ಮಾಸ್ಕು ಕಟ್ಟಿಕೊಂಡಿದ್ದೆ, ಆದರೂ ಎಲ್ಲರಿಗೂ ಗುರುತಾಯಿತು. ಬಸ್ಸಿನಲ್ಲಿ ಅವರೆಲ್ಲ ಮುಂದಿನ ಸೀಟುಗಳಲ್ಲಿ ಕುಳಿತಿದ್ದರು. ಅನುಶ್ರೀಯ ತೊಡೆಯ ಮೇಲೆ ಆ ಕಾಗದಗಳಿದ್ದ ಪ್ಲಾಸ್ಟಿಕ್ ಕವರು ಇತ್ತು. ನಾನು ಹತ್ತಿದಾಗ ಅವಳು ಕವರನ್ನು ಎದೆಗೆ ಒತ್ತಿಕೊಂಡಳು. ನಾನು ಹಿಂದೆ ಹೋಗಿ ಕಂಬಿ ಹಿಡಿದು ನಿಂತೆ. ಇಳಿ ಎಂದು ಯಾರೂ ಹೇಳಲಿಲ್ಲ.

ಕಂಡಕ್ಟರು ಬಂದ.

“ಆಸನಕ್ಕೆ ಎಂಟು,” ಎಂದ ಮಾವ.

ವರ್ಷಗಟ್ಟಲೆ ನಾವು ಎಂಟು ಜನವೇ. ಬೆಂಗಳೂರಿಗೆ ಹೋಗುವಾಗಲೂ ಬರುವಾಗಲೂ ಮಾವ ಹೀಗೇ ಎಂಟು ಎನ್ನುತ್ತಿದ್ದ. ಒಂದು ಕ್ಷಣ ನನ್ನ ಎದೆ ಹಗುರಾಯಿತು. ಆಮೇಲೆ ಎಣಿಸಿದೆ. ಏಳು ಜನ ಗಂಡಸರು, ಅನುಶ್ರೀ.

ಕಂಡಕ್ಟರು ಟಿಕೆಟು ಹರಿದುಕೊಟ್ಟು ಹಿಂದಕ್ಕೆ ಬಂದು, ನನ್ನನ್ನೂ ಅವರನ್ನೂ ನೋಡಿದ. “ನೀನು ಅವ್ರ ಜೊತೆಯೋನಲ್ವಾ?”

ಮುಂದೆ ಕುಳಿತವರಲ್ಲಿ ಒಬ್ಬರೂ ತಿರುಗಲಿಲ್ಲ.

“ನಂದು ಬೇರೆ ಕೊಡಿ,” ಎಂದು ನೋಟು ಚಾಚಿದೆ.